ಟಾರಿಂಗ್ಟನ್ ಪ್ರಕರಣ: ಬಂಧಿಸುವ ಅಧಿಕಾರ ಇತ್ತು, ಬಂಧನ ಮಾತ್ರ ಆಗಲಿಲ್ಲ

ಮನೆಯೊಳಗಿನ ಹಿಂಸೆಗೆ ಶಿಕ್ಷೆ ಜಾಸ್ತಿ ಮಾಡಬೇಕು, ಪೊಲೀಸರಿಗೆ ಬಂಧಿಸುವ ಅಧಿಕಾರ ಹೆಚ್ಚಿಸಬೇಕು. ಈ ಎರಡು ಬೇಡಿಕೆಗಳು ಯಾವಾಗಲೂ ಜೊತೆಯಾಗಿಯೇ ಬರುತ್ತವೆ. ಎರಡೂ ನ್ಯಾಯವಾದವೇ. ಆದರೆ ಇವುಗಳಲ್ಲಿ ಯಾವುದು ಒಬ್ಬ ಹೆಂಗಸಿನ ಜೀವ ಉಳಿಸುತ್ತದೆ, ಯಾವ ಹೊತ್ತಿನಲ್ಲಿ ಉಳಿಸುತ್ತದೆ ಎಂದು ಬಿಡಿಸಿ ನೋಡುವವರು ಕಡಿಮೆ. ಹಾಗೆ ನೋಡಬೇಕು ಅನ್ನುವವರಿಗೆ ನಾನು ಮೊದಲು ಓದಿ ಎನ್ನುವುದು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಟಾರಿಂಗ್ಟನ್ ಊರಿನ ಪ್ರಕರಣವನ್ನು. ಕೋರ್ಟ್ ದಾಖಲೆಯಲ್ಲಿ ಅದರ ಹೆಸರು 'ಥರ್ಮನ್ ವಿರುದ್ಧ ಟಾರಿಂಗ್ಟನ್ ನಗರ'. ಗಂಡನಿಂದ ತನ್ನನ್ನು ಕಾಪಾಡಲಿಲ್ಲ ಎಂದು ಒಬ್ಬ ಮಹಿಳೆ ಪೊಲೀಸರ ಮೇಲೆಯೇ ಕೇಸು ಹಾಕಿ ಗೆದ್ದ ಪ್ರಕರಣ ಇದು.

ಘಟನೆಗಳನ್ನು ತಾರೀಖಿನ ಪ್ರಕಾರವೇ ಹೇಳುತ್ತೇನೆ. ಈ ಪ್ರಕರಣದಲ್ಲಿ ತಾರೀಖುಗಳೇ ಮುಖ್ಯ. ಇವೆಲ್ಲ ಟ್ರೇಸಿ ಥರ್ಮನ್ ಕೋರ್ಟಿಗೆ ಕೊಟ್ಟ ದಾವೆಯಲ್ಲಿವೆ, 1984ರ ತೀರ್ಪಿನಲ್ಲಿ ದಾಖಲಾಗಿವೆ.

ಎಂಟು ತಿಂಗಳು

1982ರ ಅಕ್ಟೋಬರ್ ಮೊದಲ ವಾರಗಳು. ಟ್ರೇಸಿ ಗಂಡನಿಂದ ದೂರವಾಗಿದ್ದರು. ಟಾರಿಂಗ್ಟನ್‌ನಲ್ಲಿ ಸ್ನೇಹಿತರ ಮನೆಯಲ್ಲಿದ್ದಾಗ ಗಂಡ ಚಾರ್ಲ್ಸ್ ಅಲ್ಲಿಗೇ ಬಂದು ಹೊಡೆದ. ಆ ಮನೆಯವರು ಠಾಣೆಗೆ ದೂರು ಕೊಟ್ಟರು. ಅವನು ನಮ್ಮ ಮನೆ ಹತ್ತಿರ ಬರದಂತೆ ನೋಡಿಕೊಳ್ಳಿ ಎಂದು ಕೇಳಿಕೊಂಡರು.

ನವೆಂಬರ್ 5ರಂದು ಅವನು ಮತ್ತೆ ಬಂದ. ಬಲವಂತವಾಗಿ ಪುಟ್ಟ ಮಗನನ್ನು ಎತ್ತಿಕೊಂಡು ಹೋದ. ಟ್ರೇಸಿ ಠಾಣೆಗೆ ಹೋದರು, ಜೊತೆಗೆ ಆ ಮನೆಯ ಯಜಮಾನರೂ ಇದ್ದರು. ಪೊಲೀಸರು ದೂರನ್ನೇ ತೆಗೆದುಕೊಳ್ಳಲಿಲ್ಲ. ಬೇರೆಯವರ ಮನೆಗೆ ನುಗ್ಗಿದ್ದಾನಲ್ಲ, ಅದನ್ನಾದರೂ ಬರೆದುಕೊಳ್ಳಿ ಅಂದರೂ ಬರೆದುಕೊಳ್ಳಲಿಲ್ಲ.

ನವೆಂಬರ್ 9. ಟ್ರೇಸಿ ಕಾರಿನಲ್ಲಿ ಕೂತಿದ್ದರು. ಗಂಡ ಬೀದಿಯಲ್ಲಿ ನಿಂತು ಕಿರುಚಾಡುತ್ತಾ ಬೆದರಿಸುತ್ತಿದ್ದ. ಒಬ್ಬ ಪೊಲೀಸ್ ಅಧಿಕಾರಿ ಅಲ್ಲೇ ನಿಂತು ನೋಡುತ್ತಿದ್ದರು. ಚಾರ್ಲ್ಸ್ ಕಾರಿನ ಮುಂದಿನ ಗಾಜು ಒಡೆದ, ಟ್ರೇಸಿ ಒಳಗಿದ್ದಂತೆಯೇ. ಆಗ ಬಂಧನವಾಯಿತು. ಮರುದಿನವೇ ಶಾಂತಿಭಂಗದ ಅಪರಾಧಕ್ಕೆ ಶಿಕ್ಷೆಯೂ ಆಯಿತು: ಆರು ತಿಂಗಳು ಜೈಲು, ಆದರೆ ಅದು ಅಮಾನತಿನಲ್ಲಿ, ಅಂದರೆ ಷರತ್ತು ಮುರಿದರೆ ಮಾತ್ರ ಒಳಗೆ ಹೋಗಬೇಕು. ಎರಡು ವರ್ಷ ಷರತ್ತಿನ ಮೇಲೆ ಬಿಡುಗಡೆ. ಟ್ರೇಸಿಯ ಹತ್ತಿರ ಸುಳಿಯಬಾರದು, ಆ ಸ್ನೇಹಿತರ ಮನೆ ಕಡೆ ಹೋಗಬಾರದು, ಇನ್ನೊಂದು ಅಪರಾಧ ಮಾಡಬಾರದು. ಇದು ಕೋರ್ಟಿನ ಷರತ್ತು. ಪೊಲೀಸರಿಗೂ ಇದನ್ನು ತಿಳಿಸಲಾಗಿತ್ತು.

ಡಿಸೆಂಬರ್ 31ರಂದು ಅವನು ಅದೇ ಮನೆಗೆ ಬಂದು ಅದೇ ಬೆದರಿಕೆ ಹಾಕಿದ. ಟ್ರೇಸಿ ಫೋನ್ ಮಾಡಿದರು. ಕೋರ್ಟಿನ ಷರತ್ತು ಮುರಿದಿದ್ದಾನೆ ಎಂದು ಬಿಡಿಸಿ ಹೇಳಿದರು. ಫೋನ್ ತೆಗೆದ ಅಧಿಕಾರಿ ಅವನು ಎಲ್ಲಿದ್ದಾನೆ ಎಂದು ಹುಡುಕುವ ಪ್ರಯತ್ನವನ್ನೂ ಮಾಡಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕೋಣ. ಆ ದಿನ ಪೊಲೀಸರು ಅವನನ್ನು ಹಿಡಿದು ಕೋರ್ಟಿಗೆ ಒಪ್ಪಿಸಿದ್ದರೆ, ಕೋರ್ಟು ಅಮಾನತು ರದ್ದು ಮಾಡಿದ್ದರೆ, ಅವನು ಆರು ತಿಂಗಳು ಪೂರ್ತಿ ಒಳಗೆ ಇದ್ದಿದ್ದರೆ, ಹೊರಗೆ ಬರುತ್ತಿದ್ದದ್ದು 1983ರ ಜೂನ್ ಕೊನೆಗೆ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಜನವರಿಯಿಂದ ಮೇ ತಿಂಗಳವರೆಗೆ ಟ್ರೇಸಿ ಎಷ್ಟೋ ಸಲ ಫೋನ್ ಮಾಡಿ ದೂರು ಹೇಳಿದರು. ಬೆದರಿಕೆ ನಿಂತಿಲ್ಲ, ಬಂಧಿಸಿ ಎಂದು ಕೇಳಿದರು. ಮೇ 4 ಮತ್ತು 5ರಂದು ಠಾಣೆಗೆ ಹೊಸ ವಿಷಯ ತಿಳಿಸಿದರು: ಗುಂಡು ಹೊಡೆದು ಸಾಯಿಸುತ್ತೇನೆ ಎಂದಿದ್ದಾನೆ. ಈ ಸಲ ಟ್ರೇಸಿಯ ದೂರನ್ನು ಬರೆದುಕೊಂಡರು. ಅದೇ ಬೆದರಿಕೆ ಕೇಳಿದ್ದ ಸ್ನೇಹಿತೆಯ ದೂರನ್ನು ಬರೆದುಕೊಳ್ಳಲಿಲ್ಲ. ವಾರಂಟ್‌ಗೆ ಜೂನ್ 1ಕ್ಕೆ ಬನ್ನಿ ಎಂದರು. ಕೊಲೆ ಬೆದರಿಕೆಗೆ ಹತ್ತಿರ ಹತ್ತಿರ ನಾಲ್ಕು ವಾರದ ಗಡುವು.

ಟ್ರೇಸಿ ಕೈಕಟ್ಟಿ ಕೂರಲಿಲ್ಲ. ಮೇ 6ರಂದು ಲಿಚ್‌ಫೀಲ್ಡ್ ಸುಪೀರಿಯರ್ ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದರು. ಹೊಡೆಯಬಾರದು, ಬೆದರಿಸಬಾರದು, ಕಿರುಕುಳ ಕೊಡಬಾರದು ಎಂದು ಅದರಲ್ಲಿ ಬರೆದಿತ್ತು. ಈಗ ಅವನ ಮೇಲೆ ಕೋರ್ಟಿನ ಎರಡು ಆದೇಶಗಳು.

ಮೇ 27ಕ್ಕೆ ಮತ್ತೆ ಠಾಣೆ. ಒಬ್ಬರೇ ಹೋಗಲು ಭಯ, ಹಾಗಾಗಿ ಪೊಲೀಸರ ರಕ್ಷಣೆ ಕೇಳಿಯೇ ಹೋದರು. ವಾರಂಟ್ ಕೇಳಿದರೆ, ವಾರಾಂತ್ಯಕ್ಕೆ ಮೆಮೋರಿಯಲ್ ಡೇ ರಜೆ ಇದೆ, ಅದು ಮುಗಿದ ಮೇಲೆ ಮಂಗಳವಾರ ಫೋನ್ ಮಾಡಿ ಎಂದರು. ಮೇ 31, ಮಂಗಳವಾರ. ಟ್ರೇಸಿ ಫೋನ್ ಮಾಡಲಿಲ್ಲ, ಖುದ್ದಾಗಿ ಹೋದರು. ಈ ಕೆಲಸ ನೋಡಿಕೊಳ್ಳುವ ಅಧಿಕಾರಿ ಒಬ್ಬರೇ, ಅವರು ರಜೆಯಲ್ಲಿದ್ದಾರೆ, ಬರುವ ತನಕ ಕಾಯಿರಿ ಎಂಬ ಉತ್ತರ ಸಿಕ್ಕಿತು. ಅದೇ ದಿನ ಸಂಬಂಧಿಕರೊಬ್ಬರು ಫೋನ್ ಮಾಡಿ ಜಗಳ ಆಡಿದಾಗ, ಜೂನ್ 8ಕ್ಕೆ ಬಂಧಿಸುತ್ತೇವೆ ಎಂದರು.

ಜೂನ್ 8 ಬಂತು, ಹೋಯಿತು.

ಈ ಎಂಟು ತಿಂಗಳಲ್ಲಿ ಚಾರ್ಲ್ಸ್ ಎಲ್ಲೋ ತಲೆಮರೆಸಿಕೊಂಡಿರಲಿಲ್ಲ. ಅವನು ಟಾರಿಂಗ್ಟನ್‌ನ ಒಂದು ಹೋಟೆಲಿನಲ್ಲಿ ಅಡುಗೆ ಮಾಡಿ ಕೌಂಟರಿನಲ್ಲಿ ಬಡಿಸುತ್ತಿದ್ದ. ಊರಿನ ಪೊಲೀಸರು ಅಲ್ಲಿಗೇ ಊಟಕ್ಕೆ ಹೋಗುತ್ತಿದ್ದರು. ಹೆಂಡತಿಯನ್ನು ಕೊಲ್ಲುತ್ತೇನೆ ಎಂದು ಅವರ ಎದುರೇ ಕೊಚ್ಚಿಕೊಳ್ಳುತ್ತಿದ್ದ. ದಾವೆಯ ಈ ಒಂದು ಭಾಗ ಓದುವಾಗ ನನಗೆ ಇಂದಿಗೂ ಮೈ ಉರಿಯುತ್ತದೆ. ಹುಡುಕಬೇಕಾದವನು ದಿನಾ ಅವರ ತಟ್ಟೆಗೆ ಬಡಿಸುತ್ತಿದ್ದ.

ಜೂನ್ 10, ಇಪ್ಪತ್ತೈದು ನಿಮಿಷ

1983ರ ಜೂನ್ 10, ಮಧ್ಯಾಹ್ನ. ಚಾರ್ಲ್ಸ್ ಸ್ನೇಹಿತರ ಮನೆ ಮುಂದೆ ಬಂದು, ಟ್ರೇಸಿ ಹೊರಗೆ ಬರಲಿ ಎಂದು ಹಟ ಹಿಡಿದ. ಟ್ರೇಸಿ ಒಳಗೇ ಉಳಿದು ಪೊಲೀಸರಿಗೆ ಫೋನ್ ಮಾಡಿದರು. ಸುಮಾರು ಹದಿನೈದು ನಿಮಿಷ ಕಾದರು. ಯಾರೂ ಬರಲಿಲ್ಲ. ಮಗನಿಗೆ ಏನೂ ಮಾಡಬೇಡ, ಅವನನ್ನು ಕರೆದುಕೊಂಡು ಹೋಗಬೇಡ ಎಂದು ಒಪ್ಪಿಸಲು ಹೊರಗೆ ಬಂದರು. ಅವನು ಎದೆಗೆ, ಕುತ್ತಿಗೆಗೆ, ಗಂಟಲಿಗೆ ಚಾಕುವಿನಿಂದ ಇರಿಯುತ್ತಾ ಹೋದ.

ಫೋನ್ ಮಾಡಿದ ಸುಮಾರು 25 ನಿಮಿಷಕ್ಕೆ, ಇರಿದ ಸುಮಾರು 10 ನಿಮಿಷಕ್ಕೆ, ಒಬ್ಬ ಅಧಿಕಾರಿ ಬಂದರು. ಚಾರ್ಲ್ಸ್ ಕೈಯಲ್ಲಿ ರಕ್ತದ ಚಾಕು ಇತ್ತು. ಅದನ್ನು ಕೆಳಗೆ ಹಾಕಿ, ಅಧಿಕಾರಿಯ ಕಣ್ಣೆದುರೇ ಬಿದ್ದಿದ್ದವಳ ತಲೆಗೆ ಒದ್ದ. ಮನೆಯೊಳಗೆ ಓಡಿದ. ಮಗುವನ್ನು ಎತ್ತಿ ತಂದು ಗಾಯಗೊಂಡ ತಾಯಿಯ ಮೇಲೆ ಹಾಕಿದ. ಮತ್ತೊಮ್ಮೆ ತಲೆಗೆ ಒದ್ದ. ಅಷ್ಟರಲ್ಲಿ ಇನ್ನೂ ಮೂವರು ಪೊಲೀಸರು ಬಂದರು. ಆದರೂ ಅವನು ಜನರ ಮಧ್ಯೆ ಓಡಾಡುತ್ತಾ ಬೆದರಿಸುತ್ತಲೇ ಇದ್ದ. ಟ್ರೇಸಿಯನ್ನು ಸ್ಟ್ರೆಚರ್ ಮೇಲೆ ಮಲಗಿಸಿದಾಗ ಮತ್ತೆ ಅವರ ಹತ್ತಿರ ಹೋದ. ಆಗ ಅವನನ್ನು ಹಿಡಿದರು.

ಟ್ರೇಸಿ ಬದುಕಿದರು. ದೇಹದ ಒಂದು ಭಾಗದ ಸ್ವಾಧೀನ ಹೋಯಿತು.

ಚಾರ್ಲ್ಸ್‌ಗೆ 20 ವರ್ಷ ಶಿಕ್ಷೆಯಾಯಿತು, 14 ವರ್ಷದ ನಂತರದ ಭಾಗ ಅಮಾನತು. ಎಂಟು ವರ್ಷ ತುಂಬುವ ಮೊದಲೇ, 1991ರಲ್ಲಿ, ಬಿಡುಗಡೆಯಾದ. ಇಷ್ಟು ಬೇಗ ಬಿಟ್ಟರು, ಶಿಕ್ಷೆ ಕಡಿಮೆಯಾಯಿತು ಅನ್ನುವವರಿದ್ದಾರೆ. ನನಗೂ ಹಾಗೇ ಅನಿಸುತ್ತದೆ. ಆದರೆ ಒಂದು ಮಾತು. ಕೊಲ್ಲಲು ಹೊರಟವನಿಗೆ ಇಪ್ಪತ್ತು ವರ್ಷ ಹಾಕುವ ಕಾನೂನು ಆ ಜೂನ್ 10ರ ಮುಂಚೆಯೂ ಇತ್ತು, ಅವನನ್ನು ತಡೆಯಲಿಲ್ಲ. ತಡೆಯಬಹುದಾಗಿದ್ದದ್ದು ಆ ಸಣ್ಣ ಆರು ತಿಂಗಳು. ಡಿಸೆಂಬರ್ 31ರಂದು ಅದು ಜಾರಿಯಾಗಿದ್ದರೆ ಜೂನ್ 10ರಂದು ಅವನು ಜೈಲಿನಲ್ಲಿ ಇರುತ್ತಿದ್ದ. ದೊಡ್ಡ ಶಿಕ್ಷೆ ಅನಾಹುತ ಆದಮೇಲೆ ಬರುವಂಥದ್ದು. ಚಿಕ್ಕ ಶಿಕ್ಷೆ, ಸಮಯಕ್ಕೆ ಸರಿಯಾಗಿ ಬಂದರೆ, ಆಗುವ ಮೊದಲೇ ಬರುತ್ತದೆ.

ಅಧಿಕಾರ ಇರಲಿಲ್ಲವೇ?

ಪೊಲೀಸರ ಕೈ ಕಟ್ಟಿತ್ತು, ಕಾನೂನು ದುರ್ಬಲವಾಗಿತ್ತು ಎಂದು ಸುಲಭವಾಗಿ ಹೇಳಿಬಿಡಬಹುದು. ಅರ್ಧ ಮಾತ್ರ ನಿಜ.

ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಹಳೆಯ ನಿಯಮವೊಂದಿತ್ತು. ಕೊಲೆ, ದರೋಡೆಯಂಥ ಗಂಭೀರ ಅಪರಾಧಕ್ಕೆ ವಾರಂಟ್ ಇಲ್ಲದೆ ಬಂಧಿಸಬಹುದು. ಸಣ್ಣ ಅಪರಾಧವಾದರೆ ಅಧಿಕಾರಿಯ ಎದುರೇ ನಡೆದಿರಬೇಕು. ಇಲ್ಲವಾದರೆ ವಾರಂಟ್ ಬೇಕು. ಹೆಂಡತಿಗೆ ಹೊಡೆಯುವುದು ಸಾಮಾನ್ಯವಾಗಿ ಈ ಸಣ್ಣ ಅಪರಾಧದ ಪಟ್ಟಿಗೇ ಬೀಳುತ್ತಿತ್ತು. ಪೊಲೀಸರು ಬಾಗಿಲು ತಟ್ಟುವ ಹೊತ್ತಿಗೆ ಹೊಡೆತ ಮುಗಿದಿರುತ್ತದೆ, ಅಲ್ವಾ? ಹಾಗಾಗಿ ಬಾತುಕೊಂಡ ಮುಖ ಎದುರಿಗಿದ್ದರೂ, ನಾವು ನೋಡಿಲ್ಲ ಎಂದು ವಾಪಸು ಹೋಗಲು ಕಾನೂನೇ ದಾರಿ ಕೊಡುತ್ತಿತ್ತು. ಈ ನಿಯಮ ತೆಗೆದದ್ದು ಸರಿಯಾದ ಕೆಲಸ. ಮೊದಲು ಹೆಜ್ಜೆ ಇಟ್ಟದ್ದು ಒರೆಗಾನ್ ರಾಜ್ಯ, 1977ರಲ್ಲಿ. ಇಂಥ ಪ್ರಕರಣಗಳಲ್ಲಿ ಬಂಧಿಸಲೇಬೇಕು ಎಂದು ಬರೆದ ಮೊದಲ ಕಾನೂನು ಅದು.

ಆದರೆ ಕನೆಕ್ಟಿಕಟ್‌ನಲ್ಲಿ ಪರಿಸ್ಥಿತಿ ಬೇರೆ ಇತ್ತು. ಅಲ್ಲಿನ ಕಾನೂನಿನಲ್ಲಿ, ಅಪರಾಧ ಮಾಡುತ್ತಿರುವಾಗ ಸಿಕ್ಕವನನ್ನಾಗಲಿ, ಬೇರೆಯವರು ಕೂಡಲೇ ಕೊಟ್ಟ ಮಾಹಿತಿಯ ಮೇಲಾಗಲಿ, ವಾರಂಟ್ ಇಲ್ಲದೆ ಬಂಧಿಸಲು ಪೊಲೀಸರಿಗೆ ಅವಕಾಶ ಇತ್ತು. ಡಿಸೆಂಬರ್ 31ರ ಫೋನ್ ಕೂಡಲೇ ಕೊಟ್ಟ ಮಾಹಿತಿ ಅಲ್ಲದಿದ್ದರೆ ಇನ್ನೇನು? ಅದರ ಮೇಲೆ ಕೋರ್ಟಿನ ಷರತ್ತು, ಆಮೇಲೆ ತಡೆಯಾಜ್ಞೆ. ಕಾಗದ ಬೇಕಾದಷ್ಟಿತ್ತು.

ಕೊರತೆ ಇದ್ದದ್ದು ಅಭ್ಯಾಸದಲ್ಲಿ. ಆ ಕಾಲದ ಪೊಲೀಸ್ ತರಬೇತಿಯೇ ಹಾಗಿತ್ತು. ಪೊಲೀಸ್ ಮುಖ್ಯಸ್ಥರ ಅಂತರರಾಷ್ಟ್ರೀಯ ಸಂಘ 1967ರಲ್ಲಿ ಹೊರಡಿಸಿದ ತರಬೇತಿ ಪಾಠದಲ್ಲಿ, ಮನೆ ಜಗಳಗಳಲ್ಲಿ ಬಂಧನ ಕಟ್ಟಕಡೆಯ ಉಪಾಯವಾಗಿರಬೇಕು ಎಂದು ಹೇಳಿತ್ತು. ಗಂಡನನ್ನು ಹೊರಗೆ ಒಂದು ಸುತ್ತು ತಿರುಗಾಡಿಸಿಕೊಂಡು ಬನ್ನಿ, ಸಮಾಧಾನ ಮಾಡಿ, ರಾಜಿ ಮಾಡಿಸಿ. ಇದು ಕೆಟ್ಟ ಮನಸ್ಸಿನಿಂದ ಬಂದ ಸಲಹೆ ಅಲ್ಲದಿರಬಹುದು. ಫಲ ಮಾತ್ರ ಕೆಟ್ಟದ್ದೇ. ಬೀದಿಯಲ್ಲಿ ಯಾರೋ ಅಪರಿಚಿತ ಗಾಜು ಒಡೆದು ಕೊಲ್ಲುತ್ತೇನೆ ಎಂದರೆ ಅದು ಅಪರಾಧ. ಅದನ್ನೇ ಗಂಡ ಮಾಡಿದರೆ ಮನೆ ವಿಷಯ.

ಟ್ರೇಸಿಯ ವಕೀಲರು ಹಿಡಿದದ್ದು ಇದೇ ಎಳೆಯನ್ನು. ಅಪರಿಚಿತನಿಂದ ಏಟು ತಿಂದವರ ದೂರಿಗೆ ಒಂದು ರೀತಿ, ಗಂಡನಿಂದ ಅಥವಾ ಗೆಳೆಯನಿಂದ ಏಟು ತಿಂದ ಹೆಂಗಸಿನ ದೂರಿಗೆ ಇನ್ನೊಂದು ರೀತಿ. ಇದು ಅಮೆರಿಕದ ಸಂವಿಧಾನದ 14ನೇ ತಿದ್ದುಪಡಿ ಕೊಡುವ ಸಮಾನ ರಕ್ಷಣೆಗೆ ವಿರುದ್ಧ ಎಂದು ವಾದಿಸಿದರು. ನಗರ ಈ ಕೇಸನ್ನೇ ವಜಾ ಮಾಡಿ ಎಂದು ಕೇಳಿತು. 1984ರ ಅಕ್ಟೋಬರ್‌ನಲ್ಲಿ ಫೆಡರಲ್ ಜಿಲ್ಲಾ ನ್ಯಾಯಾಧೀಶ ಬ್ಲೂಮೆನ್‌ಫೆಲ್ಡ್ ಅದಕ್ಕೆ ಒಪ್ಪಲಿಲ್ಲ. ಗಂಡ ಎಂಬ ಒಂದೇ ಕಾರಣಕ್ಕೆ ಹೆಂಡತಿಗೆ ಹೊಡೆಯುವ ಹಕ್ಕು ಯಾರಿಗೂ ಇಲ್ಲ, ಹೊಡೆದವನೂ ಹೊಡೆಸಿಕೊಂಡವಳೂ ಮದುವೆಯಾದವರು ಎಂಬ ಕಾರಣಕ್ಕೆ ಪೊಲೀಸರು ಕೈಬಿಡುವಂತಿಲ್ಲ ಎಂಬುದು ಅವರ ತೀರ್ಪಿನ ತಿರುಳು. 1985ರಲ್ಲಿ ಜ್ಯೂರಿ 23 ಲಕ್ಷ ಡಾಲರ್ ಪರಿಹಾರ ಕೊಡಬೇಕು ಎಂದಿತು. ಕೊನೆಗೆ 19 ಲಕ್ಷ ಡಾಲರ್‌ಗೆ ಇತ್ಯರ್ಥವಾಯಿತು.

ದೇಶದ ಪ್ರತಿ ನಗರಸಭೆಯ ವಕೀಲರಿಗೂ ಈ ಮೊತ್ತದ ಅರ್ಥ ತಕ್ಷಣ ಗೊತ್ತಾಯಿತು. ಬಂಧಿಸಿದರೆ ತಾನೇ ಕೇಸು ಬೀಳುವುದು ಎಂದು ಅಲ್ಲಿಯವರೆಗೆ ಹೆದರುತ್ತಿದ್ದರು. ಬಂಧಿಸದಿದ್ದರೂ ಕೇಸು ಬೀಳುತ್ತದೆ ಎಂದು ಈಗ ಕಂಡಿತು.

1986ರ ಕಾನೂನು ಏನು ಮಾಡಿತು

ಮರುವರ್ಷ ಕನೆಕ್ಟಿಕಟ್ ಕೌಟುಂಬಿಕ ಹಿಂಸೆ ತಡೆ ಮತ್ತು ಪ್ರತಿಕ್ರಿಯೆ ಕಾಯ್ದೆ ತಂದಿತು. ಜನರ ಬಾಯಲ್ಲಿ ಅದು ಥರ್ಮನ್ ಕಾನೂನು. ಶಿಕ್ಷೆಯ ವರ್ಷ ಏರಿಸುವುದಕ್ಕಿಂತ ಮುಖ್ಯವಾದ ಕೆಲಸವನ್ನು ಅದು ಮಾಡಿತು. ಕೌಟುಂಬಿಕ ಹಿಂಸೆಯ ಅಪರಾಧ ನಡೆದಿದೆ ಎನ್ನಲು ಸಾಕಷ್ಟು ಕಾರಣ ಕಂಡರೆ ಬಂಧಿಸಲೇಬೇಕು ಎಂದಿತು. ಬಂಧನ ಹೆಂಗಸಿನ ಒಪ್ಪಿಗೆಯ ಮೇಲೆ ನಿಂತಿರಬಾರದು. ಇಬ್ಬರ ಸಂಬಂಧ ಏನು ಎಂಬುದನ್ನು ಲೆಕ್ಕಕ್ಕೆ ತಗೊಳ್ಳಬಾರದು. ಬಂಧಿತ ವ್ಯಕ್ತಿ ಕೋರ್ಟಿನ ಮುಂದಿನ ಕೆಲಸದ ದಿನವೇ ಹಾಜರಾಗಬೇಕು.

ಒಪ್ಪಿಗೆಯ ವಿಷಯ ನೋಡಿ. ಹಳೆಯ ಪದ್ಧತಿಯಲ್ಲಿ ಅಧಿಕಾರಿ ಗಂಡನ ಎದುರೇ ಹೆಂಡತಿಯನ್ನು ಕೇಳುತ್ತಿದ್ದರು, ಇವನನ್ನು ಬಂಧಿಸಬೇಕಾ ಎಂದು. ಹೌದು ಎಂದರೆ ಅವನು ವಾಪಸು ಬಂದಾಗ ಏನಾಗುತ್ತದೆ ಎಂದು ಅವಳಿಗೆ ಗೊತ್ತು. ಬೇಡ ಎಂದರೆ ಅವಳೇ ಬೇಡ ಅಂದಳು ಎಂದು ಬರೆದುಕೊಂಡು ಹೋಗುತ್ತಿದ್ದರು. ಹೊಸ ಕಾನೂನು ಈ ಭಾರವನ್ನು ಅವಳ ತಲೆಯಿಂದ ಇಳಿಸಿತು. ನಿನ್ನನ್ನು ಒಳಗೆ ಹಾಕಿದ್ದು ನಾನಲ್ಲ, ಕಾನೂನು ಎಂದು ಹೇಳುವ ಅವಕಾಶ ಅವಳಿಗೆ ಸಿಕ್ಕಿತು. ಕಡ್ಡಾಯ ಬಂಧನದ ಪರವಾಗಿ ಇದಕ್ಕಿಂತ ಗಟ್ಟಿ ವಾದ ನನಗೆ ಕಾಣುವುದಿಲ್ಲ.

ಅದೇ ಹೊತ್ತಿಗೆ ಇನ್ನೊಂದು ಗಾಳಿಯೂ ಬೀಸುತ್ತಿತ್ತು. 1981-82ರಲ್ಲಿ ಮಿನಿಯಾಪೊಲಿಸ್ ನಗರದಲ್ಲಿ ಲಾರೆನ್ಸ್ ಶರ್ಮನ್ ಮತ್ತು ರಿಚರ್ಡ್ ಬರ್ಕ್ ಎಂಬ ಸಂಶೋಧಕರು ಪೊಲೀಸರ ಜೊತೆ ಸೇರಿ ಒಂದು ಪ್ರಯೋಗ ಮಾಡಿದ್ದರು. ಅಧಿಕಾರಿಗಳ ಕೈಗೆ ಬಣ್ಣ ಬಣ್ಣದ ವರದಿ ಹಾಳೆಗಳ ಪ್ಯಾಡ್ ಕೊಟ್ಟಿದ್ದರು. ಮೇಲಿನ ಹಾಳೆಯ ಬಣ್ಣ ಏನು ಹೇಳುತ್ತದೋ ಅದನ್ನೇ ಮಾಡಬೇಕು: ಬಂಧಿಸು, ಬುದ್ಧಿ ಹೇಳು, ಇಲ್ಲವೇ ಅವನನ್ನು ಎಂಟು ಗಂಟೆ ಮನೆಯಿಂದ ಹೊರಗೆ ಕಳುಹಿಸು. 314 ಪ್ರಕರಣಗಳನ್ನು ಲೆಕ್ಕಕ್ಕೆ ಹಿಡಿದರು. ಪೊಲೀಸ್ ದಾಖಲೆ ಪ್ರಕಾರ ಆರು ತಿಂಗಳಲ್ಲಿ ಮತ್ತೆ ಹಿಂಸೆ ಮಾಡಿದವರು, ಬಂಧಿತರಲ್ಲಿ ನೂರಕ್ಕೆ ಸುಮಾರು 10, ಬುದ್ಧಿ ಹೇಳಿಸಿಕೊಂಡವರಲ್ಲಿ 19, ಹೊರಗೆ ಕಳುಹಿಸಿದವರಲ್ಲಿ 24. ಬಂಧಿತರಲ್ಲಿ ಬಹಳಷ್ಟು ಜನ ಒಂದು ವಾರದೊಳಗೆ ಹೊರಗೆ ಬಂದಿದ್ದರು ಎಂಬುದನ್ನೂ ಗಮನಿಸಿ. ಫಲ ಕೊಟ್ಟದ್ದು ಶಿಕ್ಷೆಯ ಉದ್ದ ಅಲ್ಲ. 1984ರಲ್ಲಿ ಇದು ಪ್ರಕಟವಾಯಿತು. ಅದೇ ವರ್ಷ ಅಮೆರಿಕದ ಅಟಾರ್ನಿ ಜನರಲ್ ನೇಮಿಸಿದ್ದ ಕಾರ್ಯಪಡೆ, ಕೌಟುಂಬಿಕ ಹಿಂಸೆಗೆ ಬಂಧನವೇ ಮೊದಲ ಕ್ರಮ ಆಗಬೇಕು ಎಂದಿತು. ಒಂದು ಕಡೆ ಸಂಶೋಧನೆ, ಇನ್ನೊಂದು ಕಡೆ ಟಾರಿಂಗ್ಟನ್‌ನ ದುಡ್ಡಿನ ಏಟು. ರಾಜ್ಯಗಳು ಒಂದರ ಹಿಂದೆ ಒಂದು ಕಾನೂನು ಬದಲಿಸಿದವು.

ಲೆಕ್ಕ ತಪ್ಪಿದ ಜಾಗಗಳು

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ, ಆದರೆ ಪೂರ್ತಿ ಆಗುವುದಿಲ್ಲ. ಬಂಧನ ಬೇಕು ಅನ್ನುವ ನಮ್ಮಂಥವರೇ ಮುಂದಿನ ಭಾಗವನ್ನು ಜಾಸ್ತಿ ಗಮನವಿಟ್ಟು ಓದಬೇಕು.

ಮಿನಿಯಾಪೊಲಿಸ್ ಪ್ರಯೋಗವನ್ನು ಬೇರೆ ಊರುಗಳಲ್ಲೂ ಮಾಡಿ ನೋಡಿದರು. ಒಮಾಹಾ, ಷಾರ್ಲಟ್, ಮಿಲ್ವಾಕಿ, ಕೊಲೊರಾಡೊ ಸ್ಪ್ರಿಂಗ್ಸ್, ಮಯಾಮಿ. ಎಲ್ಲ ಕಡೆ ಒಂದೇ ಫಲ ಬರಲಿಲ್ಲ. ಮಿಲ್ವಾಕಿಯಲ್ಲಿ ಉದ್ಯೋಗ ಇದ್ದವರು ಬಂಧನದ ನಂತರ ತಣ್ಣಗಾದರು. ಉದ್ಯೋಗ ಇಲ್ಲದವರು ಇನ್ನೂ ಹೆಚ್ಚು ಹಿಂಸೆ ಮಾಡಿದರು. ಕಳೆದುಕೊಳ್ಳಲು ಏನಾದರೂ ಇದ್ದವನಿಗೆ ಜೈಲಿನ ಭಯ ಇರುತ್ತದೆ. ಇಲ್ಲದವನು ಸಿಟ್ಟನ್ನು ಮನೆಗೆ ತರುತ್ತಾನೆ. ಅದೇ ಮಿಲ್ವಾಕಿಯ ಹೆಂಗಸರನ್ನು 23 ವರ್ಷದ ನಂತರ ಮತ್ತೆ ಲೆಕ್ಕ ಹಾಕಿದಾಗ ಬಂದ ಫಲಿತಾಂಶ ಇನ್ನೂ ಕಹಿ. ಗಂಡನಿಗೆ ಬರೀ ಎಚ್ಚರಿಕೆ ಕೊಟ್ಟು ಬಿಟ್ಟವರಿಗಿಂತ, ಗಂಡ ಬಂಧನವಾದ ಹೆಂಗಸರು ಸಾಯುವ ಸಾಧ್ಯತೆ ನೂರಕ್ಕೆ 64ರಷ್ಟು ಹೆಚ್ಚಾಗಿತ್ತು. ಕೊಲೆಯಿಂದಲ್ಲ, ಹೆಚ್ಚಾಗಿ ಹೃದ್ರೋಗದಂಥ ಕಾಯಿಲೆಗಳಿಂದ. ಕಪ್ಪು ವರ್ಣದ ಹೆಂಗಸರಲ್ಲಿ ಈ ಸಾಧ್ಯತೆ ಹತ್ತಿರ ಹತ್ತಿರ ಎರಡರಷ್ಟಾಗಿತ್ತು. ಒಂದೇ ಊರಿನ ಒಂದೇ ಅಧ್ಯಯನದ ಮೇಲೆ ಬಂಧನವನ್ನೇ ಕೈಬಿಡಿ ಎನ್ನುವುದು ತಪ್ಪು. ಆದರೆ ಬಡ ಮನೆಯಲ್ಲಿ ಪೊಲೀಸ್ ಜೀಪು ಬಂದು ಹೋದ ಮೇಲೆ ಅವಳಿಗೆ ಏನಾಗುತ್ತದೆ ಎಂದು ಕೇಳದೆ ಕಾನೂನು ಬರೆಯುವುದೂ ತಪ್ಪು.

ಒಮಾಹಾದ ಫಲಿತಾಂಶ ಟಾರಿಂಗ್ಟನ್‌ಗೆ ನೇರವಾಗಿ ತಾಗುತ್ತದೆ. ಪೊಲೀಸರು ಬರುವ ಮೊದಲೇ ಗಂಡ ಓಡಿಹೋಗಿರುತ್ತಾನಲ್ಲ, ಅಂಥವರ ಮೇಲೆ ಅಲ್ಲಿ ವಾರಂಟ್ ಹೊರಡಿಸಿ ನೋಡಿದರು. ವಾರಂಟ್ ತಲೆ ಮೇಲೆ ತೂಗುತ್ತಿದ್ದವರು ಮತ್ತೆ ಹೊಡೆಯುವುದು ಕಡಿಮೆಯಾಯಿತು. ಟ್ರೇಸಿ ಮೇ ತಿಂಗಳಿಡೀ ಅಲೆದದ್ದು ಆ ಒಂದು ಕಾಗದಕ್ಕಾಗಿ. ಬಂಧನದ ಚರ್ಚೆಯಲ್ಲಿ ಎಲ್ಲರೂ ಸ್ಥಳದಲ್ಲೇ ಹಿಡಿಯುವ ಬಗ್ಗೆ ಮಾತಾಡುತ್ತಾರೆ. ತಪ್ಪಿಸಿಕೊಂಡವನ ಮೇಲೆ ಅದೇ ದಿನ ವಾರಂಟ್ ಪಡೆಯುವ ಬಗ್ಗೆ ಮಾತು ಬರುವುದೇ ಇಲ್ಲ.

ಎರಡನೆಯ ತೊಂದರೆ ಕನೆಕ್ಟಿಕಟ್‌ನಲ್ಲೇ ಹುಟ್ಟಿತು. ಬಂಧಿಸಲೇಬೇಕು ಎಂದಾಗ ಪೊಲೀಸರು ಏನು ಮಾಡಿದರು? ಎಷ್ಟೋ ಮನೆಗಳಲ್ಲಿ ಇಬ್ಬರನ್ನೂ ಬಂಧಿಸಿದರು. ಅವಳು ಬಿಡಿಸಿಕೊಳ್ಳಲು ಪರಚಿದ್ದರೆ ಅವನ ತೋಳಿನ ಮೇಲೂ ಗಾಯ ಇರುತ್ತದೆ. ಯಾರು ಮೊದಲು, ಯಾರು ಯಾರಿಗೆ ಹೆದರುತ್ತಾರೆ ಎಂದು ಬಿಡಿಸಿ ನೋಡಲು ಸಮಯ ಬೇಕು, ತಲೆ ಬೇಕು. ಇಬ್ಬರನ್ನೂ ಕರೆದೊಯ್ದರೆ ಕಾನೂನು ಪಾಲಿಸಿದಂತೆ ಆಯಿತು, ಯಾರೂ ಕೇಸು ಹಾಕುವಂತಿಲ್ಲ. ಇಬ್ಬರ ಬಂಧನ ಕನೆಕ್ಟಿಕಟ್‌ನಲ್ಲಿ ಬೇರೆ ರಾಜ್ಯಗಳಿಗಿಂತ ಎದ್ದು ಕಾಣುವಷ್ಟು ಹೆಚ್ಚಾಗಿತ್ತು. ಸಹಾಯಕ್ಕೆ ಫೋನ್ ಮಾಡಿ ಕೈಗೆ ಬೇಡಿ ಹಾಕಿಸಿಕೊಂಡವಳು ಮುಂದಿನ ಸಲ ಫೋನ್ ಎತ್ತುತ್ತಾಳಾ? ಮಕ್ಕಳು ಆ ರಾತ್ರಿ ಯಾರ ಹತ್ತಿರ ಇರುತ್ತಾರೆ?

ಇದನ್ನು ತಿದ್ದಲು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. 2018ರಲ್ಲಿ ಅಂಗೀಕಾರವಾಗಿ 2019ರ ಜನವರಿ 1ರಿಂದ ಜಾರಿಗೆ ಬಂದ ಕಾನೂನು, ಮುಖ್ಯ ಆಕ್ರಮಣಕಾರ ಯಾರು ಎಂದು ಗುರುತಿಸಿ ಅವನನ್ನು ಬಂಧಿಸಿ ಎಂದು ಹೇಳಿತು. ಗಾಯಗಳಲ್ಲಿ ಯಾರದು ಹೆಚ್ಚು, ಯಾರು ತಮ್ಮನ್ನು ಕಾಪಾಡಿಕೊಳ್ಳಲು ಕೈ ಎತ್ತಿದರು, ಭಯ ಹುಟ್ಟಿಸುವ ಬೆದರಿಕೆ ಯಾರಿಂದ ಬಂದಿದೆ, ಇಬ್ಬರ ಮಧ್ಯೆ ಹಿಂದೆ ಹಿಂಸೆ ನಡೆದಿದೆಯೇ ಎಂದು ನೋಡಬೇಕು. ಪೊಲೀಸರಿಗೆ ಇದರ ತರಬೇತಿಯನ್ನೂ ಕಡ್ಡಾಯ ಮಾಡಿತು. 1986ರಲ್ಲೇ ಈ ನಾಲ್ಕು ಸಾಲು ಇದ್ದಿದ್ದರೆ ಎಷ್ಟು ಹೆಂಗಸರು ಠಾಣೆಯ ತಪ್ಪು ಬದಿಯಲ್ಲಿ ಕೂರುವುದು ತಪ್ಪುತ್ತಿತ್ತು ಎಂದು ಯೋಚಿಸಿದರೆ ಸಂಕಟವಾಗುತ್ತದೆ.

ಮೂರನೆಯದು, ಬಂಧಿಸಲೇಬೇಕು ಎಂಬ ಮಾತಿಗೆ ಬೆಲೆ ಎಷ್ಟು ಎಂಬುದು. ಕೊಲೊರಾಡೊ ರಾಜ್ಯದ ಕ್ಯಾಸಲ್ ರಾಕ್ ಊರಿನಲ್ಲಿ 1999ರ ಜೂನ್‌ನಲ್ಲಿ ಒಬ್ಬ ಗಂಡ ತಡೆಯಾಜ್ಞೆ ಮುರಿದು ಮೂರು ಹೆಣ್ಣು ಮಕ್ಕಳನ್ನು ಕರೆದುಕೊಂಡು ಹೋದ. ತಾಯಿ ರಾತ್ರಿಯಿಡೀ ಪೊಲೀಸರಿಗೆ ಫೋನ್ ಮಾಡಿದರು, ಠಾಣೆಗೂ ಹೋದರು. ಕಾಯಿರಿ ಎಂಬ ಉತ್ತರವೇ ಬಂತು. ಬೆಳಗಿನ ಜಾವ ಅವನೇ ಠಾಣೆ ಮುಂದೆ ಬಂದು ಗುಂಡು ಹಾರಿಸಿದ, ಪೊಲೀಸರ ಗುಂಡಿಗೆ ಸತ್ತ. ಅವನ ಗಾಡಿಯಲ್ಲಿ ಮೂರೂ ಮಕ್ಕಳ ಶವ ಇತ್ತು. ತಡೆಯಾಜ್ಞೆಯನ್ನು ಜಾರಿ ಮಾಡಬೇಕು ಎಂದು ಕೊಲೊರಾಡೊ ಕಾನೂನು ಕಡ್ಡಾಯದ ಭಾಷೆಯಲ್ಲೇ ಹೇಳಿತ್ತು. ಆದರೂ 2005ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಅದನ್ನು ಜಾರಿ ಮಾಡಿಸಿಕೊಳ್ಳುವ ಸಾಂವಿಧಾನಿಕ ಹಕ್ಕು ಆ ತಾಯಿಗಿಲ್ಲ ಎಂದು 7-2 ಬಹುಮತದಿಂದ ಹೇಳಿತು. 2011ರಲ್ಲಿ ಅಂತರ-ಅಮೆರಿಕ ಮಾನವ ಹಕ್ಕುಗಳ ಆಯೋಗ ಅಮೆರಿಕವನ್ನೇ ತಪ್ಪಿತಸ್ಥ ಎಂದಿತು, ಆದರೆ ಆ ತೀರ್ಮಾನ ಅಮೆರಿಕದ ಕೋರ್ಟುಗಳನ್ನು ಕಟ್ಟಿಹಾಕುವಂಥದ್ದಲ್ಲ. ಟ್ರೇಸಿ ತೆರೆದ ಬಾಗಿಲು ಇಪ್ಪತ್ತು ವರ್ಷದಲ್ಲಿ ಬಹಳ ಕಿರಿದಾಯಿತು. ಬಂಧಿಸದಿದ್ದರೆ ಅಧಿಕಾರಿಗೆ, ಇಲಾಖೆಗೆ ಏನಾಗುತ್ತದೆ ಎಂದು ಕಾನೂನಿನಲ್ಲೇ ಬರೆಯದಿದ್ದರೆ, ಕಡ್ಡಾಯ ಎಂಬ ಮಾತು ಸುಮ್ನೆ ಕಾಗದದ ಮೇಲೆ ಕೂತಿರುತ್ತದೆ.

ಹಾಗಾದರೆ ಶಿಕ್ಷೆ?

ಶಿಕ್ಷೆ ಹೆಚ್ಚಿಸುವುದರಿಂದ ಏನೂ ಪ್ರಯೋಜನವಿಲ್ಲ ಎಂದು ನಾನು ಹೇಳುತ್ತಿಲ್ಲ. ಎಲ್ಲಿ ಹೆಚ್ಚಿಸುತ್ತೀರಿ ಎಂಬುದು ಮುಖ್ಯ. ಕನೆಕ್ಟಿಕಟ್‌ನಲ್ಲಿ ಈಗ ಕೋರ್ಟಿನ ರಕ್ಷಣಾ ಆದೇಶ ಮುರಿಯುವುದೇ ಒಂದು ಗಂಭೀರ ಅಪರಾಧ, ಐದು ವರ್ಷದ ತನಕ ಜೈಲು ಆಗಬಹುದು. ಬೆದರಿಕೆ, ಹಲ್ಲೆ ಸೇರಿದರೆ ಇನ್ನೂ ಹೆಚ್ಚು. ಇದು ಸರಿಯಾದ ಜಾಗ. ಗಾಯ ಆದಮೇಲೆ ಅಳೆಯುವ ಶಿಕ್ಷೆ ಅಲ್ಲ ಇದು. ಅವನು ಬಾಗಿಲ ಹತ್ತಿರ ಬಂದಾಗಲೇ ಅನ್ವಯಿಸುತ್ತದೆ. ಕತ್ತು ಹಿಸುಕುವುದನ್ನು ಪ್ರತ್ಯೇಕ ಅಪರಾಧ ಮಾಡಿದ್ದೂ ಹಾಗೆಯೇ. ಹೊರಗೆ ಗುರುತು ಕಡಿಮೆ ಕಾಣುತ್ತದೆ, ಹಾಗಾಗಿ ಹಿಂದೆ ಅದನ್ನು ಸಣ್ಣ ಏಟು ಎಂದು ಬರೆಯುತ್ತಿದ್ದರು. ಕತ್ತು ಹಿಸುಕಿದವನು ಮುಂದೆ ಕೊಲ್ಲುವ ಅಪಾಯ ಬಹಳ ಹೆಚ್ಚು ಎಂದು ಈಗ ಚೆನ್ನಾಗಿ ಗೊತ್ತಾಗಿದೆ.

ಬಂದೂಕಿನ ವಿಷಯವೂ ಇದೇ ಜಾತಿಯದು. ಗುಂಡು ಹೊಡೆಯುತ್ತೇನೆ ಎಂದವನ ಹತ್ತಿರ ಬಂದೂಕು ಇರಬಾರದು ಎನ್ನಲು ಅಮೆರಿಕಕ್ಕೆ 1994ರ ತನಕ ಬೇಕಾಯಿತು. ರಕ್ಷಣಾ ಆದೇಶ ಇರುವವನು ಬಂದೂಕು ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ ಎಂದು ಆಗ ಮಾಡಿದರು. 1996ರಲ್ಲಿ, ಕೌಟುಂಬಿಕ ಹಿಂಸೆಯ ಸಣ್ಣ ಅಪರಾಧದಲ್ಲಿ ಶಿಕ್ಷೆಯಾದವರಿಗೂ ಬಂದೂಕು ನಿಷೇಧಿಸಿದರು. ರಕ್ಷಣಾ ಆದೇಶದ ನಿಷೇಧವನ್ನು ಸುಪ್ರೀಂ ಕೋರ್ಟ್ 2024ರಲ್ಲಿ 8-1 ಬಹುಮತದಿಂದ ಎತ್ತಿಹಿಡಿಯಿತು.

ಇಷ್ಟೆಲ್ಲ ಆದಮೇಲೂ ನನಗೆ ಕನೆಕ್ಟಿಕಟ್ ಕಾನೂನಿನಲ್ಲಿ ಹೆಚ್ಚು ಇಷ್ಟವಾಗುವುದು ಆ ಮರುದಿನದ ಹಾಜರಿ. ಬಂಧನವಾದ ಮುಂದಿನ ಕೆಲಸದ ದಿನ ಕೋರ್ಟಿನಲ್ಲಿ ಅವನ ಬಗ್ಗೆ ವಿಚಾರಿಸಿ ವರದಿ ಕೊಡುವವರು ಇರುತ್ತಾರೆ, ಅವಳ ಪರವಾಗಿ ಮಾತಾಡುವ ಕಾರ್ಯಕರ್ತೆಯೂ ಇರುತ್ತಾರೆ. ಅವನು ಮನೆಗೆ ವಾಪಸು ಬರಬಹುದೇ, ಬಾಡಿಗೆ ಯಾರು ಕಟ್ಟುತ್ತಾರೆ, ಮಕ್ಕಳ ಶಾಲೆ ಹತ್ತಿರ ಅವನು ನಿಲ್ಲಬಹುದೇ ಎಂಬ ಪ್ರಶ್ನೆಗಳು ಎದ್ದು ಬರುವುದು ಆ ದಿನ. ಮಿಲ್ವಾಕಿಯ ಹೆಂಗಸರ ಲೆಕ್ಕ ಕೇಳುತ್ತಿರುವುದೂ ಇದನ್ನೇ. ಬಂಧನ ಹೆಚ್ಚಿಸುವ ಮಸೂದೆ ಎಲ್ಲಿ ಬಂದರೂ ನಾನು ಮೊದಲು ಹುಡುಕುವುದು ಶಿಕ್ಷೆಯ ವರ್ಷಗಳ ಪಟ್ಟಿಯನ್ನಲ್ಲ. ಆ ಮರುದಿನದ ಕಾರ್ಯಕರ್ತೆಯ ಸಂಬಳ, ತಂಗುವ ಮನೆಯ ಖರ್ಚು, ರಜೆಯ ದಿನವೂ ವಾರಂಟಿಗೆ ಸಹಿ ಹಾಕುವ ನ್ಯಾಯಾಧೀಶರ ಪಾಳಿ, ಇವುಗಳಿಗೆ ದುಡ್ಡು ಎಷ್ಟು ಇಟ್ಟಿದ್ದಾರೆ ಎಂಬುದನ್ನು.